ಉಪ್ಪು ಏರಿದಂತೆ ಕುರುಡಿ: ಅಘನಾಶಿನಿಯಲ್ಲಿ ಗಾಳ ಹಾಕಿದ ನನ್ನ ಅನುಭವ

ಅಘನಾಶಿನಿ ಹೊಳೆಯಲ್ಲಿ ಕುರುಡಿ ಮೀನು ರಾಡಿನ ಗಾಳಕ್ಕೆ ಬೀಳುವುದು ಬೇಸಿಗೆಯಲ್ಲಿ, ಅದೂ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಮಾತ್ರ ಎಂಬುದು ಕುಮಟಾ, ಹೊನ್ನಾವರ ಕಡೆಯ ಗಾಳದವರಲ್ಲಿ ಬಹುಕಾಲದಿಂದ ಬೇರೂರಿದ ನಂಬಿಕೆ. ಸೆಪ್ಟೆಂಬರ್ ಕೊನೆಯ ಹಸ್ತಾ ಮಳೆಯಿಂದ ಶಿವರಾತ್ರಿಯವರೆಗೆ ಹೊಳೆಯ ಒಳಭಾಗದಲ್ಲಿ, ಹೆದ್ದಾರಿ ಸೇತುವೆಯನ್ನೂ ದಾಟಿ ಮೇಲಕ್ಕೆ, ಅಳಿವೆಗಿಂತ ಹೆಚ್ಚು ಮೀನು ಹಿಡಿಯಬಹುದೆಂದು ನಾನು ಹೇಳಿದಾಗ ಒಪ್ಪಿದವರು ಯಾರೂ ಇರಲಿಲ್ಲ. ಈಗ ಸತತ ಮೂರು ಹಂಗಾಮು ಇದೇ ಕ್ರಮ ಫಲ ಕೊಟ್ಟಿದೆ. ಅಂದು ತಲೆಯಾಡಿಸಿದವರಲ್ಲಿ ಇಬ್ಬರು ಇಂದು ನನಗಿಂತ ಮೊದಲೇ ಬಂದು ಜಾಗ ಹಿಡಿಯುತ್ತಿದ್ದಾರೆ. ಆದ್ದರಿಂದ ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತಿದ್ದೇನೆ. ರಾಡು, ರೀಲು, ಗಂಟು ಹಾಕುವುದು, ಬೀಸುಬಲೆ ಎಸೆಯುವುದು ಇವೆಲ್ಲ ಓದುವವರಿಗೆ ತಿಳಿದಿದೆ ಎಂದುಕೊಂಡು ಆ ಭಾಗವನ್ನು ಬಿಟ್ಟಿದ್ದೇನೆ.

ಮೊದಲಿನ ವರ್ಷಗಳಲ್ಲಿ ನಾನು ಗಾಳ ಹಾಕುತ್ತಿದ್ದುದು ಎಲ್ಲರಂತೆ ತದಡಿ ಮತ್ತು ಅಘನಾಶಿನಿ ಊರಿನ ನಡುವಿನ ಅಳಿವೆಯಲ್ಲೇ. ದೋಣಿಗೆ ಅರ್ಧ ದಿನಕ್ಕೆ 1,200ರಿಂದ 1,500 ರೂಪಾಯಿ ಬಾಡಿಗೆ, ಪೆಟ್ರೋಲು ಬೇರೆ. ಜನವರಿಯಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ, ಕೆಲವು ವಾರ ಎರಡು ಬಾರಿ ಹೋದರೆ ಒಂದು ಹಂಗಾಮಿಗೆ ನಲವತ್ತು ಸಾವಿರದ ಹತ್ತಿರ ಖರ್ಚಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಒಳ್ಳೆಯ ಗಾತ್ರದ ನಾಲ್ಕೈದು ಕುರುಡಿ, ಒಂದಷ್ಟು ಕೆಂಬೇರಿ, ಉಳಿದದ್ದೆಲ್ಲ ಸಣ್ಣಪುಟ್ಟ ಮೀನು. ಪೇಟೆಯಲ್ಲಿ ಕೆಜಿಗೆ ಆರುನೂರು ರೂಪಾಯಿ ಕೊಟ್ಟು ಅದೇ ಕುರುಡಿಯನ್ನು ಕೊಂಡಿದ್ದರೆ ಮನೆಮಂದಿಯೆಲ್ಲ ವರ್ಷವಿಡೀ ತಿನ್ನಬಹುದಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ.

ನನ್ನ ದಾರಿ ಬದಲಾದದ್ದು ಕುಮಟಾ ಮೀನುಪೇಟೆಯಿಂದ. ನವರಾತ್ರಿ ಕಳೆದ ಕೆಲವೇ ದಿನಗಳಲ್ಲಿ ಪೇಟೆಗೆ ಮೂರು, ನಾಲ್ಕು ಕೆಜಿ ತೂಗುವ ಕುರುಡಿಗಳು ಬರುವುದನ್ನು ಪ್ರತಿವರ್ಷ ಗಮನಿಸುತ್ತಿದ್ದೆ. ಅವು ಕಡಲಿನಿಂದ ಬಂದವೆಂದೇ ಎಲ್ಲರೂ ಭಾವಿಸಿದ್ದರು. ಒಮ್ಮೆ ಮೀನು ಮಾರುವ ಅಕ್ಕನನ್ನು ಬಿಡದೆ ವಿಚಾರಿಸಿದಾಗ, ಅವು ದಿವಗಿ, ಮಿರ್ಜಾನ ಕಡೆಯ ಹೊಳೆಯಲ್ಲಿ ರಾತ್ರಿ ತಳಕ್ಕೆ ಬಿಟ್ಟ ಬಲೆಯಲ್ಲಿ ಬಿದ್ದವೆಂದು ತಿಳಿಯಿತು. ಮೇಲಿನ ನೀರು ಕುಡಿಯುವಷ್ಟು ಸಿಹಿಯಾಗಿರುವ ಕಾಲದಲ್ಲಿ, ಅಳಿವೆಯಿಂದ ಅಷ್ಟು ದೂರದಲ್ಲಿ, ತಳದ ಬಲೆಗೆ ಮಾತ್ರ ಮೀನು ಬೀಳುತ್ತಿದೆ ಎಂದರೆ ಕೆಳಗೆ ಬೇರೆಯದೇ ನೀರು ಇರಬೇಕು ಎಂದು ನನಗೆ ಅನ್ನಿಸಿತು.

ಉಪ್ಪುನೀರು ಭಾರವಾದ್ದರಿಂದ ಭರತದ, ಅಂದರೆ ಕಡಲು ಉಬ್ಬುವ, ಹೊತ್ತಿನಲ್ಲಿ ಸಿಹಿನೀರಿನ ಅಡಿಗೆ ನುಗ್ಗಿ ತಳ ಹಿಡಿದು ಮೇಲೇರುತ್ತದೆ ಎಂಬುದು ಹೊಳೆಯ ಬದಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಆದರೆ ಅದು ಯಾವ ತಿಂಗಳು ಎಲ್ಲಿಯವರೆಗೆ ಏರುತ್ತದೆಂದು ಅಳೆದು ನೋಡಿದ ಗಾಳದವರನ್ನು ನಾನು ಕಂಡಿರಲಿಲ್ಲ. ಸೀಗಡಿ ಕೆರೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ನೀರಿನ ಉಪ್ಪು ಅಳೆಯುವ ತನ್ನ ಹಳೆಯ ರಿಫ್ರಾಕ್ಟೋಮೀಟರನ್ನು ಕೊಟ್ಟ; ಆಮೇಲೆ ಸುಮಾರು ಎರಡು ಸಾವಿರ ರೂಪಾಯಿಗೆ ನನ್ನದೇ ಒಂದನ್ನು ಕೊಂಡೆ. ತಳದ ನೀರು ತೆಗೆಯುವ ಸಾಧನ ಮಾರಾಟಕ್ಕಿದ್ದರೂ ದುಬಾರಿ. ದಪ್ಪ ಗಾಜಿನ ಬಾಟಲಿಯೊಂದಕ್ಕೆ ಸೀಸದ ಗುಂಡು ಕಟ್ಟಿ, ಬಾಯಿಗೆ ರಬ್ಬರಿನ ಬಿರಡೆ ಒತ್ತಿ, ಬಿರಡೆಗೆ ಬೇರೆಯೇ ದಾರ ಹಾಕಿದೆ. ಬಾಟಲಿ ತಳ ಮುಟ್ಟಿದ ಮೇಲೆ ಬಿರಡೆಯ ದಾರವನ್ನು ಒಮ್ಮೆ ಜಗ್ಗಿದರೆ ಗುಳುಗುಳು ಗಾಳಿ ಮೇಲೆ ಬರುತ್ತದೆ. ಗುಳ್ಳೆ ನಿಂತ ಕೂಡಲೇ ಮೇಲಕ್ಕೆ ಎಳೆದು, ಎರಡು ಹನಿ ನೀರನ್ನು ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆ ಎಷ್ಟರ ಮೇಲೆ ನಿಂತಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಡಲ ನೀರು 35ರ ಆಸುಪಾಸು, ಅಂದರೆ ಸಾವಿರ ಪಾಲು ನೀರಿಗೆ 35 ಪಾಲು ಉಪ್ಪು, ತೋರಿಸುತ್ತದೆ. ಮಿರ್ಜಾನದ ಹತ್ತಿರ ಅಕ್ಟೋಬರಿನ ಒಂದು ಬೆಳಿಗ್ಗೆ ಮೇಲಿನ ನೀರು 2 ಅಥವಾ 3, ಅದೇ ಜಾಗದ ತಳದ ನೀರು 12 ತೋರಿಸಿದಾಗ ನನಗೆ ಬೇಕಾದ ದಾರಿ ಸಿಕ್ಕಿತೆಂದು ಖಚಿತವಾಯಿತು.

ಮಳೆಗಾಲದಲ್ಲಿ ಅಳಿವೆಯ ಬಾಯವರೆಗೂ ಕೆಂಪು ನೀರು ತುಂಬಿ ಹರಿಯುತ್ತದೆ. ದೊಡ್ಡ ಕುರುಡಿಗಳು ಮೊಟ್ಟೆಯಿಡಲು ಉಪ್ಪಿನ ಕಡೆಗೆ, ಅಳಿವೆಗೆ ಇಳಿಯುವುದು ಆ ಕಾಲದಲ್ಲೇ. ಮಘಾ, ಹುಬ್ಬಾ ಮಳೆ ಕಳೆದು ಹೊಳೆಯ ಸೆಳೆತ ಕಡಿಮೆಯಾದಂತೆ ಉಪ್ಪು ತಳದಲ್ಲಿ ಮೆಲ್ಲಗೆ ಒಳಗೆ ಸರಿಯತೊಡಗುತ್ತದೆ. ಅದರ ಜೊತೆಯಲ್ಲಿಯೇ ಕಡಲಿನಿಂದ ಸೀಗಡಿಯ ಸಣ್ಣ ಮರಿಗಳೂ, ಕೊಂಕಣಿಯವರು ಶೆವಟೊ ಎನ್ನುವ ಮಲೆಟ್ ಮೀನಿನ ಮರಿಗಳೂ ಭರತದ ನೀರಿನಲ್ಲಿ ಮೇಲೇರುತ್ತವೆ; ಅವುಗಳ ಬೆನ್ನು ಹತ್ತಿ ಕುರುಡಿ ಬರುತ್ತದೆ. ನನ್ನ ಅಳತೆಯ ಪ್ರಕಾರ ಹಸ್ತಾ ಮಳೆಯ ಹೊತ್ತಿಗೆ ತಳದ ಉಪ್ಪಿನ ತುದಿ ಮಸೂರುಕುರ್ವೆಯ ಕೆಳಗೆಲ್ಲೋ ಇರುತ್ತದೆ, ಚಿತ್ತಾ ಮಳೆಗೆ ದಿವಗಿಯ ಹೆದ್ದಾರಿ ಸೇತುವೆಗೆ ಬರುತ್ತದೆ, ಸ್ವಾತಿ ಮಳೆ ಮುಗಿದು ದೀಪಾವಳಿ ಕಳೆಯುವಾಗ ಮಿರ್ಜಾನವನ್ನು ದಾಟುತ್ತದೆ, ಡಿಸೆಂಬರಿನಲ್ಲಿ ಉಪ್ಪಿನಪಟ್ಟಣದ ದಿಕ್ಕಿನಲ್ಲಿ ಮುಂದೆ ಹೋಗುತ್ತಿರುತ್ತದೆ. ತಳದ ನೀರು 8ರಿಂದ 15ರ ಒಳಗೆ ತೋರಿಸುವ ಒಂದೂವರೆ, ಎರಡು ಕಿಲೋಮೀಟರಿನ ಪಟ್ಟಿಯೇ ನನ್ನ ಜಾಗ. ಅದಕ್ಕಿಂತ ಮೇಲೆ ಹೋದರೂ ಕೆಳಗೆ ಇಳಿದರೂ ಮೀನು ಬೀಳುವುದೇ ಇಲ್ಲವೆಂದಲ್ಲ, ಆದರೆ ಅದಕ್ಕಾಗಿ ಕಾಯಬೇಕಾದ ಹೊತ್ತು ಮೂರು ಪಟ್ಟು.

ಕ್ರಮ ಸರಿಯೆಂದು ನನಗೇ ದೃಢವಾದದ್ದು ಒಂದು ಗುಡುಗು ಮಳೆಯ ನಂತರ. ಅಕ್ಟೋಬರಿನಲ್ಲಿ ಘಟ್ಟದ ಮೇಲೆ ಸಂಜೆ ಗುಡುಗು ಮಳೆ ಜೋರಾಗಿ ಬಿದ್ದರೆ ಮರುದಿನ ಹೊಳೆ ಮತ್ತೆ ಕೆಂಪಾಗುತ್ತದೆ. ಅಂಥ ಒಂದು ಮಳೆ ಬಿದ್ದ ಮಾರನೆಯ ದಿನ ಬಾಟಲಿ ಇಳಿಸಿದರೆ ದಿವಗಿಯ ತಳದಲ್ಲಿ ಉಪ್ಪೇ ಇರಲಿಲ್ಲ. ಮೂರು ನಾಲ್ಕು ಕಿಲೋಮೀಟರ್ ಕೆಳಗೆ ಹೋದ ಮೇಲೆ ಮತ್ತೆ 10 ಸಿಕ್ಕಿತು. ಜೊತೆಯಲ್ಲಿದ್ದವರು ವಾರದ ಹಿಂದೆ ಮೀನು ಸಿಕ್ಕಿದ್ದ ಸೇತುವೆಯ ಕೆಳಗೇ ಉಳಿದರು, ನಾನು ಉಪ್ಪಿನ ಹಿಂದೆ ಇಳಿದೆ. ದೋಣಿ ನಡೆಸುತ್ತಿದ್ದ ಹಿರಿಯರು, ಹರಿಕಂತ್ರ ಸಮಾಜದವರು, ಹುಟ್ಟಿನಿಂದ ಈ ನೀರಿನಲ್ಲೇ ಇದ್ದವರು, ನನ್ನ ಬಾಟಲಿಯನ್ನೂ ಗಾಳಕ್ಕೆ ಸಿಕ್ಕಿಸಿದ್ದ ರಬ್ಬರಿನ ಮೀನನ್ನೂ ನೋಡಿ, “ತಮ್ಮಾ, ನೀರಿನ ಉಪ್ಪು ನೋಡೂಕೆ ನಾಲಗೆ ಸಾಕಾಗ್ತಿತ್ತು. ಈ ಪ್ಲಾಸ್ಟಿಕ್ಕಿಗೆ ಕುರುಡಿ ಬೀಳೂದಾದ್ರೆ ನಾವೆಲ್ಲ ಬಲೆ ಹೊರೂದು ಯಾಕೆ?” ಎಂದರು. ಇಳಿತ ಸುರುವಾಗಿ ಮುಕ್ಕಾಲು ಗಂಟೆಯೊಳಗೆ ಎರಡು ಕುರುಡಿ ದೋಣಿಗೆ ಬಂದವು, ದೊಡ್ಡದು ಐದು ಕೆಜಿಯ ಆಸುಪಾಸು. ಸೇತುವೆಯ ಕೆಳಗಿದ್ದವರಿಗೆ ಆ ಬೆಳಿಗ್ಗೆ ಒಂದು ಹಿಡಿತವೂ ಆಗಲಿಲ್ಲ. ಆ ಹಿರಿಯರು ಅಂದಿನಿಂದ ನನ್ನೊಡನೆ ವಾದ ಮಾಡುವುದನ್ನು ಬಿಟ್ಟು, ಬಾಟಲಿ ಇಳಿಸುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ.

ಭರತ, ಇಳಿತದ ಲೆಕ್ಕದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ತದಡಿಯ ಹೊತ್ತನ್ನು ಹಿಡಿದುಕೊಂಡು ಮಿರ್ಜಾನದಲ್ಲಿ ಕುಳಿತರೆ ಕೆಲಸ ಕೆಡುತ್ತದೆ, ಏಕೆಂದರೆ ಮೇಲೆ ನೀರು ತಿರುಗುವುದು ಒಂದು ಗಂಟೆಯಷ್ಟು ತಡವಾಗಿ. ಮಳೆ ನೀರಿನ ಸೆಳೆತ ಇನ್ನೂ ಇದ್ದರೆ ಭರತ ತಡವಾಗಿ ಹತ್ತಿ ಬೇಗ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಎಡಬಲದ ಎರಡು ಮೂರು ದಿನ ಸೆಳೆತ ಬಲವಾಗಿರುವುದರಿಂದ ಕುರುಡಿ ಕಂಬದ ಹಿಂದೆ, ಬಂಡೆಯ ಮರೆಯಲ್ಲಿ ನಿಂತು ಬಾಯಿಗೆ ಬರುವುದನ್ನು ಹಿಡಿಯುತ್ತದೆ. ಅಷ್ಟಮಿಯ ಮಂದ ನೀರಿನಲ್ಲಿ ಅದು ಅಲೆಯುತ್ತಿರುತ್ತದೆ, ಆಗ ಎಲ್ಲಿ ಎಸೆದರೂ ಒಂದೇ. ಆ ದಿನಗಳಲ್ಲಿ ನಾನು ಹೋಗುವುದನ್ನೇ ನಿಲ್ಲಿಸಿದೆ. ದೋಣಿ ಬಾಡಿಗೆಯಲ್ಲಿ ಅರ್ಧದಷ್ಟು ಉಳಿದದ್ದು ಇದರಿಂದಲೇ.

ಸಾಮಾನಿನ ಮೇಲೆ ಕಳೆದುಕೊಂಡ ಹಣ ಸಣ್ಣದಲ್ಲ. ಒಳಹೊಳೆಯ ಬಂಡೆಗಳಿಗೂ ಸೇತುವೆಯ ಕಂಬಗಳಿಗೂ ಚಿಪ್ಪು ಅಂಟಿಕೊಂಡಿರುತ್ತದೆ, ಬದಿಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡದ ಬೇರು. ಮೂರು ಕೊಕ್ಕೆಯ ಗಟ್ಟಿ ಲ್ಯೂರುಗಳು, ಅಂದರೆ ಮೀನನ್ನು ಸೆಳೆಯುವ ಕೃತಕ ಮೀನುಗಳು, ಒಂದೊಂದಕ್ಕೆ ನಾನೂರರಿಂದ ಆರುನೂರು ರೂಪಾಯಿ, ಒಂದೇ ಬೆಳಿಗ್ಗೆ ನಾಲ್ಕು ಹೋದದ್ದುಂಟು. ಮೂವತ್ತು ಪೌಂಡು ತಾಳುವ ಹೆಣೆದ (ಬ್ರೇಡ್) ದಾರದ ತುದಿಗೆ ನಲವತ್ತರ ಲೀಡರ್ ದಾರ ಕಟ್ಟಿದ್ದನ್ನು ಚಿಪ್ಪು ಸವರಿದರೆ ಸಾಕು, ತುಂಡಾಗುತ್ತಿತ್ತು. ಈಗ ಲೀಡರ್ ಅರುವತ್ತರದು, ಎರಡು ಮಾರು ಉದ್ದ. ಲ್ಯೂರು ನಾಲ್ಕಿಂಚಿನ ಮೆತ್ತನೆಯ ರಬ್ಬರು, ಒಂಟಿ ಕೊಕ್ಕೆಯ ಮೊನೆಯನ್ನು ಅದರ ಮೈಯೊಳಗೇ ಅಡಗಿಸಿ ಚುಚ್ಚಿದ್ದು. ಹತ್ತು ರಬ್ಬರಿನ ಪೊಟ್ಟಣ ಮುನ್ನೂರು ರೂಪಾಯಿಗೆ ಸಿಗುತ್ತದೆ, ಹೋದರೂ ಹೊಟ್ಟೆ ಉರಿಯುವುದಿಲ್ಲ. ರಾಡು ಎಂಟಡಿಯದು, ರೀಲು 4000 ಎಂಬ ಅಳತೆಯದು, ಎರಡೂ ಹಳೆಯವೇ. ಬಣ್ಣದ ವಿಚಾರದಲ್ಲಿ ಬಹಳ ಹೊಡೆದಾಡಿ ಕೊನೆಗೆ ಎರಡಕ್ಕೆ ಇಳಿಸಿದ್ದೇನೆ. ಆ ಎರಡು ಯಾವುವು, ರಬ್ಬರಿಗೆ ನಾನು ಏನನ್ನು ಸವರುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ಹಂಗಾಮು ಹಿಡಿದಿದೆ.

ಜೀವಂತ ಸೀಗಡಿಯನ್ನೂ ಬಳಸಿ ನೋಡಿದೆ. ಮೀನು ಅದಕ್ಕೆ ಚೆನ್ನಾಗಿ ಬೀಳುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗಿನ ಉಪ್ಪುನೀರಿನಲ್ಲಿ ಹಿಡಿದ ಸೀಗಡಿಯನ್ನು ಮೇಲಿನ ಸಿಹಿನೀರು ತುಂಬಿದ ಬಕೆಟ್ಟಿನಲ್ಲಿಟ್ಟರೆ ಗಂಟೆಯೊಳಗೆ ಅರ್ಧ ಸಾಯುತ್ತದೆ. ಬ್ಯಾಟರಿಯ ಗಾಳಿಯಂತ್ರ ಕೊಂಡರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಕೊರತೆ ಇದ್ದದ್ದು ಉಪ್ಪಿನದು. ತಳದ ನೀರನ್ನೇ ಬಾಟಲಿಯಿಂದ ತೆಗೆದು ಬಕೆಟ್ಟು ತುಂಬಿಸಿದ ಮೇಲೆ ಸೀಗಡಿಗಳು ಮಧ್ಯಾಹ್ನದವರೆಗೂ ಬದುಕಿದವು. ಅಷ್ಟಾದರೂ ಬೀಸುಬಲೆ ಎಸೆದು ಸೀಗಡಿ ಕೂಡಿಸುವುದರಲ್ಲಿ ಇಳಿತದ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ ಎಂದು ಈಗ ಅದನ್ನು ಬಿಟ್ಟಿದ್ದೇನೆ.

ಡಿಸೆಂಬರಿನ ನಂತರ ಹೊಳೆಯುದ್ದಕ್ಕೂ ಉಪ್ಪು ಹರಡಿ ಆ ಪಟ್ಟಿಯ ಬಲ ಕುಗ್ಗುತ್ತದೆ. ಆಗ ಕೈಹಿಡಿಯುವುದು ಗಜನಿ, ಅಂದರೆ ಹೊಳೆಯ ಬದಿಯ ಒಡ್ಡು ಕಟ್ಟಿದ ತಗ್ಗು ಗದ್ದೆ. ಅಘನಾಶಿನಿಯ ಎರಡೂ ಬದಿಯ ಗಜನಿಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಒಡ್ಡಿನಲ್ಲಿ ನೀರು ತಡೆಯುವ ಜಂತ್ರಡಿ ಬಾಗಿಲನ್ನು ತೆರೆದು ಭರತದ ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಸೀಗಡಿಯೂ ಮೀನಿನ ಮರಿಯೂ ಒಳಗೆ ಸೇರಿ, ಕೊಯ್ದ ಕೂಳೆಗಳ ನಡುವೆ ಮೇಯ್ದು ಬಲಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ಬಲಿತ ಸೀಗಡಿ ಕಡಲಿಗೆ ಹೊರಡಲು ಹವಣಿಸುವುದರಿಂದ ಗಜನಿಯ ಸೀಗಡಿ, ಮೀನಿನ ಗುತ್ತಿಗೆದಾರರು ಜಂತ್ರಡಿಗೆ ಬಲೆ ಕಟ್ಟುತ್ತಾರೆ. ಬಲೆಗೆ ಸಿಗದೆ ನುಸುಳಿದ ಸೀಗಡಿಗಾಗಿ ಬಾಗಿಲಿನ ಹೊರಗೆ, ಹೊಳೆಯ ಕಡೆ, ನೀರು ಸುತ್ತುವ ಗುಂಡಿಯಲ್ಲಿ ಕುರುಡಿ ಕಾಯುತ್ತಿರುತ್ತದೆ. ಅದು ಸೀಗಡಿಯನ್ನು ಹೀರಿಕೊಳ್ಳುವಾಗ ‘ಟಪ್’ ಎಂದು ಕೇಳುವ ಸದ್ದು ಕತ್ತಲಲ್ಲಿ ಒಡ್ಡಿನ ಮೇಲೆ ನಿಂತವರಿಗೂ ಕೇಳಿಸುತ್ತದೆ.

ಇಲ್ಲಿ ಗುತ್ತಿಗೆದಾರರ ಒಪ್ಪಿಗೆ ಇಲ್ಲದೆ ಒಡ್ಡಿನ ಮೇಲೆ ಕಾಲಿಡಬಾರದು. ಗುತ್ತಿಗೆಗೆ ಲಕ್ಷಗಟ್ಟಲೆ ಸುರಿದವರು ರಾಡು ಹಿಡಿದು ಬಂದವನನ್ನು ಕಳ್ಳನೆಂದು ತಿಳಿಯುವುದು ಸಹಜ. ಒಬ್ಬರ ಬಳಿ ನಾನು ಹಂಗಾಮಿಗೆ ಮೂರು ಸಾವಿರ ರೂಪಾಯಿ ಮತ್ತು ಹಿಡಿದ ಮೀನಿನಲ್ಲಿ ಮೂರರಲ್ಲೊಂದು ಪಾಲು ಎಂದು ಮಾತು ಮಾಡಿಕೊಂಡೆ. ಮೊದಲ ತಿಂಗಳಲ್ಲೇ ಅವರ ಪಾಲಿಗೆ ಹೋದ ಮೀನಿನ ಬೆಲೆ ಮೂರು ಸಾವಿರವನ್ನು ಮೀರಿತು. ಎರಡನೆಯ ವರ್ಷ ಅವರು ಹಣವನ್ನು ಬೇಡವೆಂದರು, ಪಾಲು ಮಾತ್ರ ಉಳಿಯಿತು. ಬಾಗಿಲನ್ನು ಯಾವ ಹೊತ್ತಿಗೆ ಎತ್ತುತ್ತಾರೆಂದು ಹಿಂದಿನ ರಾತ್ರಿಯೇ ಫೋನು ಬರುತ್ತದೆ. ದೋಣಿಯೂ ಬೇಡ, ಪೆಟ್ರೋಲೂ ಬೇಡ. ಎಲ್ಲ ಜಂತ್ರಡಿಯೂ ಒಂದೇ ಅಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ: ಬಾಗಿಲಿನ ಹೊರಗೆ ತಕ್ಷಣ ಎರಡಾಳು ಆಳ ಇರಬೇಕು, ಕೆಸರು ತುಂಬಿದ ಬಾಗಿಲಿನಲ್ಲಿ ಎಷ್ಟೇ ಸೀಗಡಿ ಹೊರಬಂದರೂ ದೊಡ್ಡ ಮೀನು ನಿಲ್ಲುವುದಿಲ್ಲ. ನನ್ನವು ಮಾಣಿಕಟ್ಟಾದಿಂದ ಹೆಗಡೆಯವರೆಗಿನ ಹರವಿನಲ್ಲಿ ಎಲ್ಲೋ ಇವೆ ಎಂದರೆ ಸಾಕು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ನೀರಿನ ಬಿಸಿ ಅಳೆಯುವ ಉಷ್ಣಮಾಪಕವನ್ನು ಒಂದು ಹಂಗಾಮು ಪೂರ್ತಿ ಹೊತ್ತು ತಿರುಗಿದೆ. ನಮ್ಮ ಹೊಳೆಯಲ್ಲಿ ಅದು ತಿಂಗಳಿನಿಂದ ತಿಂಗಳಿಗೆ ಏರಿಳಿಯುವುದೇ ಅಷ್ಟಕ್ಕಷ್ಟೆ, ಮೀನು ಬೀಳುವುದಕ್ಕೂ ಅದಕ್ಕೂ ಏನೂ ಸಂಬಂಧ ಕಾಣಲಿಲ್ಲ. ರಾತ್ರಿ ಕೆಂಪು ದೀಪ ಇಟ್ಟರೆ ಸೀಗಡಿ ಕೂಡುತ್ತದೆ ಎಂದವರ ಮಾತಿನಂತೆ ದೀಪವನ್ನೂ ಇಟ್ಟೆ, ಕೂಡಿದ್ದು ಸೊಳ್ಳೆ ಮಾತ್ರ. ಚೆನ್ನಾಗಿ ಫಲಿಸಿದ್ದೆಂದರೆ ಮರಳಿನಲ್ಲಿ ಸಿಗುವ ಬಳಚು ಎಂಬ ಚಿಪ್ಪುಜೀವಿಯ ಮಾಂಸ. ಜನವರಿ, ಫೆಬ್ರವರಿಯಲ್ಲಿ ಬಳಚು ಹೆಕ್ಕುವವರು ದಿಬ್ಬದಿಂದ ಎದ್ದು ಹೋದ ಮೇಲೆ ಭರತದ ಮೊದಲ ನೀರು ಆ ಕೆದಕಿದ ಮರಳಿನ ಮೇಲೆ ಹರಿಯುವಾಗ ಕಾಣೆ ಮೀನುಗಳು ಗುಂಪಾಗಿ ಬರುತ್ತವೆ. ಮೊಣಕಾಲು ನೀರಿನಲ್ಲಿ ನಿಂತು, ಸಣ್ಣ ಕೊಕ್ಕೆಗೆ ಬಳಚಿನ ನಾಲಗೆಯಂಥ ಗಟ್ಟಿ ಭಾಗವನ್ನಷ್ಟೇ ಚುಚ್ಚಿ ಎಸೆದರೆ ಒಂದು ಗಂಟೆಯಲ್ಲಿ ಮನೆಗೆ ಸಾಕಾಗುವಷ್ಟು ಕಾಣೆ ಸಿಗುತ್ತದೆ. ಕುರುಡಿ ಸಿಗದ ದಿನ ನನ್ನ ಖರ್ಚು ತೂಗಿಸಿದ್ದು ಈ ಕಾಣೆಯೇ.

ಇದೇ ಕ್ರಮವನ್ನು ಹೊನ್ನಾವರದ ಶರಾವತಿಯಲ್ಲಿ ಮಾಡಿ ನೋಡದೆ ಇರಲು ಮನಸ್ಸು ಒಪ್ಪಲಿಲ್ಲ. ಅಲ್ಲಿ ಫಲಿಸಲಿಲ್ಲ, ಮತ್ತು ಅದರ ಕಾರಣವೇ ನನ್ನ ಕ್ರಮಕ್ಕೆ ದೊಡ್ಡ ಸಾಕ್ಷಿ ಎಂದು ನಾನು ತಿಳಿದಿದ್ದೇನೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆ ನಿಂತರೆ ಸಿಹಿನೀರು ತಾನಾಗಿ ಇಳಿದು ಉಪ್ಪು ಕ್ರಮವಾಗಿ ಏರುತ್ತದೆ, ಬೇಸಿಗೆಯಲ್ಲಿ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವಷ್ಟು ಏರುತ್ತದೆ. ಶರಾವತಿಗೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಅದರ ಕೆಳಗೆ ಗೇರುಸೊಪ್ಪೆಯದು. ವಿದ್ಯುತ್ ಉತ್ಪಾದಿಸಿದ ನೀರು ವರ್ಷವಿಡೀ ಹೊಳೆಗೆ ಬರುತ್ತಲೇ ಇರುತ್ತದೆ. ಅಘನಾಶಿನಿ ಚೆನ್ನಾಗಿ ಉಪ್ಪಾಗಿರುವ ಮಾರ್ಚಿನಲ್ಲಿ ಶರಾವತಿಯ ಒಳಭಾಗದಲ್ಲಿ ನನ್ನ ಬಾಟಲಿ ತಂದ ತಳದ ನೀರು ಒಂದು ದಿನ 9, ಇನ್ನೊಂದು ದಿನ 1. ಉಪ್ಪಿನ ತುದಿ ಋತುವನ್ನು ಅನುಸರಿಸುವ ಬದಲು ಯಂತ್ರದ ಗಾಲಿಯನ್ನು ಅನುಸರಿಸುತ್ತದೆ, ಮೀನೂ ಹಾಗೆಯೇ ಚೆದುರುತ್ತದೆ. ಅಲ್ಲಿ ಬಳಚು ಕಡಿಮೆಯಾಗಿರುವುದಕ್ಕೂ ಇದೇ ಕಾರಣವನ್ನು ಬಲ್ಲವರು ಕೊಡುತ್ತಾರೆ. ಅಘನಾಶಿನಿ ಅಳಿವೆಗೆ 2024ರಲ್ಲಿ ಮಹತ್ವದ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಾಗ ನನಗೆ ಸಂತೋಷವಾದದ್ದು ಈ ವ್ಯತ್ಯಾಸವನ್ನು ಕೈಯಾರೆ ಅಳೆದು ಕಂಡಿದ್ದರಿಂದ. ಶರಾವತಿಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಭಾನುವಾರದ ಬೆಳಿಗ್ಗೆ ನೀರಿನ ಬಿಡುವಳಿ ತಗ್ಗಿರುವ ಹಾಗೆ ತೋರುತ್ತದೆ, ಅದರ ಮೇಲೆ ಲೆಕ್ಕ ಇಡುತ್ತಿದ್ದೇನೆ.

ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಕಾಲದಲ್ಲಿ ಅಳಿವೆಯ ದಂಡೆಯಲ್ಲಿ ನಿಂತು ಕೆಂಪು ನೀರೂ ಕಡಲ ನೀರೂ ಸೇರುವ ಗಡಿಗೆ ಎಸೆಯುವವರಿದ್ದಾರೆ, ಅವರಿಗೆ ದೊಡ್ಡ ಮೀನೇ ಬೀಳುತ್ತದೆ. ನಾನು ಅದನ್ನು ಮಾಡುವುದಿಲ್ಲ. ಅಳಿವೆಯ ಅಲೆಯಲ್ಲಿ ಮರಳು ಕಾಲಡಿಯಿಂದಲೇ ಜಾರುತ್ತದೆ ಎಂಬುದು ಒಂದು ಕಾರಣ. ಮೊಟ್ಟೆ ತುಂಬಿದ ಮೀನನ್ನು ಆ ಹೊತ್ತಿನಲ್ಲಿ ಹಿಡಿದರೆ ಹಸ್ತಾ ಮಳೆಗೆ ಒಳಗೆ ಬರಬೇಕಾದದ್ದು ಎಲ್ಲಿಂದ ಬಂದೀತು ಎಂಬುದು ಇನ್ನೊಂದು. ಕುರುಡಿ ಮೊದಲು ಗಂಡಾಗಿದ್ದು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಆದ್ದರಿಂದ ದೊಡ್ಡದನ್ನೆಲ್ಲ ಹಿಡಿದು ಮುಗಿಸಿದರೆ ಹೊಳೆಯಲ್ಲಿ ಉಳಿಯುವುದು ಗಂಡುಗಳ ಸಾಲು ಮಾತ್ರ. ಏಳು ಕೆಜಿ ಮೀರಿದ್ದನ್ನು ನಾನು ನೀರಿನಲ್ಲೇ ಬಿಡಿಸಿ, ಬಾಲದ ಬುಡ ಹಿಡಿದು ಸೆಳೆತಕ್ಕೆ ಮುಖ ಮಾಡಿ ನಿಲ್ಲಿಸಿ, ಅದು ತಾನಾಗಿ ಕೈ ಕೊಸರುವವರೆಗೆ ಕಾದು ಬಿಡುತ್ತೇನೆ. ಹನ್ನೊಂದು ಕೆಜಿಯ ಹತ್ತಿರವಿದ್ದ, ಇದುವರೆಗೆ ನನಗೆ ಬಿದ್ದ ಅತಿ ದೊಡ್ಡ ಮೀನನ್ನೂ ಹಾಗೆಯೇ ಬಿಟ್ಟೆ. ಜೊತೆಯವರು ಆರು ಸಾವಿರ ರೂಪಾಯಿಯನ್ನು ಹೊಳೆಗೆ ಎಸೆದೆ ಎಂದರು.

ಹಣದ ಲೆಕ್ಕ ಹೇಳುವುದಾದರೆ, ಕಳೆದ ಹಂಗಾಮಿನಲ್ಲಿ ದೋಣಿ, ರಬ್ಬರು, ಲೀಡರ್, ಬೈಕಿನ ಪೆಟ್ರೋಲು ಎಲ್ಲ ಸೇರಿ ಹದಿನೈದು, ಹದಿನಾರು ಸಾವಿರ ಖರ್ಚಾಗಿದೆ. ಮನೆಗೆ ಇಟ್ಟುಕೊಂಡು, ಗುತ್ತಿಗೆದಾರರ ಪಾಲು ಕೊಟ್ಟು, ಉಳಿದದ್ದನ್ನು ಮಾರಿದ್ದರಿಂದ ಇಪ್ಪತ್ತೆರಡು ಸಾವಿರದ ಮೇಲೆ ಬಂದಿದೆ. ಎರಡು ಸಲ ಹೋದರೆ ಒಂದು ಸಲವಾದರೂ ಎರಡು ಕೆಜಿ ಮೀರಿದ ಕುರುಡಿ ಸಿಕ್ಕಿದೆ. ಈ ಹೊಳೆಯಲ್ಲಿ ರಾಡು ಹಿಡಿದವರಲ್ಲಿ ಇಷ್ಟು ಸಮವಾಗಿ ಹಿಡಿದವರು ಬೇರೆ ಯಾರೂ ನನಗೆ ಕಂಡಿಲ್ಲ.

ಹೊಸದಾಗಿ ಹೊರಡುವವರು ಲ್ಯೂರಿಗಿಂತ ಮೊದಲು ರಿಫ್ರಾಕ್ಟೋಮೀಟರ್ ಕೊಳ್ಳಲಿ, ಉತ್ತರಾ ಮಳೆ ಕಳೆಯುತ್ತಿದ್ದಂತೆ ವಾರಕ್ಕೆರಡು ಬಾರಿ ಭರತದ ತುದಿಯಲ್ಲಿ ಬಾಟಲಿ ಇಳಿಸಲಿ. ದಿವಗಿ ಸೇತುವೆಯ ತಳದಲ್ಲಿ ಮೊದಲ ಬಾರಿಗೆ 4 ಅಥವಾ 5 ಕಂಡ ದಿನ ಅಲ್ಲೇ ನಿಲ್ಲದೆ, ಎರಡು ಕಿಲೋಮೀಟರ್ ಕೆಳಗಿಳಿದು ಇಳಿತಕ್ಕೆ ಎಸೆಯಬೇಕು. ಸೇತುವೆಗೆ ಮೀನು ಬರಲು ಇನ್ನೂ ಐದಾರು ದಿನ ಹಿಡಿಯುತ್ತದೆ.